ಅತ್ತೆಯ ಭರಣಿಯೊಳಗಿನ ಜೀನು

ಯೀಸ್ಟಿಗೂ ಮನೆಗೊಂದು ಸ್ವಭಾವ ಇರುತ್ತದೆ ಎಂದು ನನಗೆ ಮೊದಲು ಹೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಧಾರವಾಡದಲ್ಲಿ ಅದರ ಮೇಲೇ ಸಂಶೋಧನೆ ಮಾಡುತ್ತಿದ್ದಾಳೆ. ಕಾರವಾರದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಕಲಿಸಿದ ನನಗೆ ಹೀಗೆ ವಿದ್ಯಾರ್ಥಿಗಳಿಂದ ಪಾಠ ಹೇಳಿಸಿಕೊಳ್ಳುವುದು ಆಗುತ್ತಲೇ ಇರುತ್ತದೆ. ಮನೆಯಲ್ಲಿ ಕಲಿಸಲು ಅತ್ತೆ ಹೇಗೂ ಇದ್ದಾರೆ.

ಜೋರು ಬಾಯಿ

ಹಬ್ಬುವಾಡದ ನಮ್ಮ ಅಡುಗೆಮನೆಯಲ್ಲಿ ಅತ್ತೆಯದೊಂದು ಭರಣಿ, ಅದರಲ್ಲಿ ಹುಳಿಹಿಟ್ಟು. ಕೋಳಿ ಸಾರಿನ ದಿನ ವಡೆ ಹಿಟ್ಟಿಗೆ ಅದರಿಂದ ಒಂದು ಚಮಚ ಬೆರೆಸಬೇಕು. ಹಿಲ್ಲೂರಿನ ತವರಿನಿಂದ, ತಮ್ಮ ಆಯಿಯ, ಅಂದರೆ ತಾಯಿಯ, ಕೈಯಿಂದ ತಂದದ್ದು ಎಂಬುದು ಅತ್ತೆಯ ಹೆಮ್ಮೆ. ಬೇಲೆಕೇರಿಗೆ ಮದುವೆಯಾಗಿ ಹೋದ ಅವರ ತಂಗಿ ಬಳಸುವುದು ಗಂಡನ ಮನೆಯ ಹುಳಿ. "ಅವಳ ವಡೆ ಉಬ್ಬುವುದು ಯಾರೂ ನೋಡದಾಗ ಮಾತ್ರ" ಎನ್ನುತ್ತಾರೆ ಅತ್ತೆ.

ವಿದ್ಯಾರ್ಥಿನಿ ಹತ್ತಾರು ಮನೆಗಳ ಹುಳಿಯ ಸ್ಯಾಂಪಲ್ ಒಯ್ದಳು, ಈ ಅಕ್ಕತಂಗಿಯರದ್ದೂ ಸೇರಿಸಿ. "ಎಲ್ಲದರಲ್ಲೂ ಇರುವುದು ಹಿಟ್ಟು ಉಬ್ಬಿಸುವ ಅದೇ ಜೀನು, ಮೇಡಂ. ಅದರ ಡಿಎನ್‌ಎಯಲ್ಲಿ ಎಲ್ಲೋ ಒಂದಕ್ಷರ ಬೇರೆಯಾದರೆ ಸಾಕು, ಒಂದು ಮನೆಯ ಯೀಸ್ಟಿನಲ್ಲಿ ಅದು ಜೋರಾಗಿ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಮೆಲ್ಲಗೆ."

ಅತ್ತೆಗೆ ಬಿಡಿಸಿ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಇದಕ್ಕೆ ಯಂತ್ರ ಬೇಕಾ ಮಾರಾಯ್ತಿ? ನಾನು ಹೆತ್ತದ್ದು ಇಬ್ಬರನ್ನು. ಮಗಳು ಬಾಯಿ ಮುಚ್ಚುವುದಿಲ್ಲ, ನಿನ್ನ ಗಂಡ ಬಾಯಿ ಬಿಡುವುದಿಲ್ಲ."

ಕೆಟ್ಟ ಯಂತ್ರ

ಕೆಲವು ತಿಂಗಳ ಮೇಲೆ ವಿದ್ಯಾರ್ಥಿನಿಯ ಫೋನು. "ಮೇಡಂ, ಎಲ್ಲ ಮನೆಯದ್ದೂ ಬೇರೆಬೇರೆ. ನಿಮ್ಮ ಅತ್ತೆಯದ್ದು ಮತ್ತು ಬೇಲೆಕೇರಿಯದ್ದು ಮಾತ್ರ ಹೆಚ್ಚುಕಡಿಮೆ ಒಂದೇ! ಹಿಲ್ಲೂರಿನ ಕಾಡೆಲ್ಲಿ, ಬೇಲೆಕೇರಿಯ ಸಮುದ್ರ ಎಲ್ಲಿ?"

ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು. ಅವರಿಗೂ ಹೇಳಿದೆ. ಕೈ ಅಲ್ಲೇ ನಿಂತಿತು.

"ಅವಳ ಯಂತ್ರ ಕೆಟ್ಟಿರಬೇಕು. ಆ ಹುಡುಗಿಗೆ ಪಾಠ ಹೇಳಿಕೊಟ್ಟವರು ಯಾರು?"

"ನಾನೇ."

"ಹಾಗೆ ಹೇಳು" ಎಂದು ಮತ್ತೆ ತುರಿಯತೊಡಗಿದರು.

ಬಿಸಿನೀರು

ಒಂದು ಭಾನುವಾರ ಅತ್ತೆ ಸಂತೆಗೆ ಹೋಗಿದ್ದರು. ಅಡುಗೆಮನೆ ತೊಳೆಯುತ್ತಿದ್ದ ನಾನು, ಗಾಜಿನ ಸಾಮಾನಿಗೆಲ್ಲ ಕುದಿಯುವ ನೀರು ಹೊಯ್ಯುವ ಲ್ಯಾಬಿನ ಅಭ್ಯಾಸದಲ್ಲಿ, ಭರಣಿಗೂ ಹೊಯ್ದುಬಿಟ್ಟೆ. ಯೀಸ್ಟ್ ಎಷ್ಟು ಬಿಸಿಗೆ ಸಾಯುತ್ತದೆ ಎಂದು ವರ್ಷವೂ ಪಾಠ ಮಾಡುವವಳು ನಾನು.

ಅತ್ತೆ ಬಂದರು. ಹೇಳಿದೆ. ಅವರ ಆಯಿಯ ಕೈಯದೆಂದು ಉಳಿದಿದ್ದದ್ದು ಅದೊಂದೇ. ನನಗೆ ಅಳುವೇ ಬಂತು. "ಧಾರವಾಡದಲ್ಲಿ ಸ್ಯಾಂಪಲ್ ಇದೆ ಅತ್ತೆ, ತರಿಸುತ್ತೇನೆ."

"ಅಷ್ಟು ದೂರ ಯಾಕೆ?" ಅತ್ತೆ ಖಾಲಿ ಭರಣಿಯೊಳಗೆ ನೋಡುತ್ತ ಕುಳಿತರು. "ಬೇಲೆಕೇರಿಗೇ ಹೋಗು. ಆಯಿಯದ್ದು ಯಾವತ್ತೋ ಸತ್ತುಹೋಗಿದೆ. ನಿನ್ನ ಗಂಡ ಹೊಟ್ಟೆಯಲ್ಲಿದ್ದಾಗ ನಾನೂ ಹೀಗೇ ಬಿಸಿನೀರು ಹೊಯ್ದಿದ್ದೆ. ತಂಗಿಯ ಮನೆಗೆ ಹೋದಾಗ ಒಂದು ಚಮಚ ಕದ್ದು ತಂದೆ. ಆಯಿಯದ್ದು, ಆಯಿಯದ್ದು ಅಂತ ಇಷ್ಟು ವರ್ಷ ಸುಳ್ಳೇ ಹೇಳಿದೆ. ಅವಳಿಗೆ ಮಾತ್ರ ಹೇಳಬೇಡ."

ಬೇಲೆಕೇರಿಯ ಚಿಕ್ಕತ್ತೆ ಡಬ್ಬಿಗೆ ಹುಳಿ ತುಂಬುತ್ತ ಅತ್ತಿತ್ತ ನೋಡಿದರು. "ಅಕ್ಕನಿಗೆ ಹೇಳಬೇಡ ಹಾಂ. ಈ ಮನೆಯ ಹುಳಿ ನಾನು ಮದುವೆಯಾಗಿ ಬಂದ ವರ್ಷವೇ ನನ್ನ ಕೈಯಲ್ಲಿ ಕೆಟ್ಟುಹೋಗಿತ್ತು. ನನ್ನ ಅತ್ತೆಗೆ ಹೆದರಿ ಅಕ್ಕನ ಭರಣಿಯಿಂದ ಕದ್ದು ತಂದದ್ದು ಇದು. ಆಗ ನಿನ್ನ ಗಂಡ ಇನ್ನೂ ಅಕ್ಕನ ಹೊಟ್ಟೆಯಲ್ಲೂ ಇರಲಿಲ್ಲ."

ಗುಟ್ಟು ಇಟ್ಟುಕೊಳ್ಳುವ ಜೀನು ನನ್ನಲ್ಲೂ ಇದೆ, ಬಹಳ ಮೆಲ್ಲಗೆ ಕೆಲಸ ಮಾಡುತ್ತದೆ. ಮನೆಯ ಬಾಗಿಲಲ್ಲೇ ಹೇಳಿಬಿಟ್ಟೆ. ಅತ್ತೆ ಡಬ್ಬಿ ತೆರೆದು ಮೂಸಿದರು. ಕಣ್ಣು ತುಂಬಿತು.

"ಹಾಗಾದರೆ ಇದು ಆಯಿಯದ್ದೇ?"

"ಆಯಿಯದ್ದೇ."

ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತರು. "ಕಳ್ಳಿ! ಅವಳ ವಡೆ ಅಷ್ಟು ಚೆನ್ನಾಗಿ ಉಬ್ಬುವಾಗಲೇ ನನಗೆ ಅನುಮಾನ ಇತ್ತು."

ಆಮೇಲೆ ಒಂದು ಚಮಚ ಲೋಟಕ್ಕೆ ಹಾಕಿ ನನ್ನ ಕೈಗಿತ್ತರು. "ಪಕ್ಕದ ಮನೆಗೆ ಕೊಟ್ಟು ಬಾ. ಅವರೂ ಇನ್ನೊಬ್ಬರಿಗೆ ಕೊಡಲಿ. ಬಿಸಿನೀರು ಹೊಯ್ಯಲು ಎಲ್ಲರ ಮನೆಯಲ್ಲೂ ನಿನ್ನಂಥವಳೊಬ್ಬಳು ಇರುತ್ತಾಳೆ."

ಕೇಳಿದ ನೀವೂ ಇದನ್ನು ಇನ್ನೊಬ್ಬರಿಗೆ ದಾಟಿಸಿ. ಬೇಲೆಕೇರಿಯ ಚಿಕ್ಕತ್ತೆಗೆ ಮಾತ್ರ ಹೇಳಬೇಡಿ.