ಅವ್ವನಿಗೆ ಮತ್ತೆ ಒಂದನೇ ದಿನ

ಉಮರ್ಗಾದ ಹೆದ್ದಾರಿ ಬದಿಯ ದವಾಖಾನೆಯಲ್ಲಿ ಕೊರೊನಾ ಕೋಣೆಗಳನ್ನು ಆಳುತ್ತಿರುವ ದೊಡ್ಡ ಡಾಕ್ಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ದಾಳಿಂಬದ ಕುರಿಗಾಹಿ ರೇವಣಸಿದ್ಧನು ಮೂಗುಬಾಯಿಗೆ ಟವೆಲ್ಲು ಬಿಗಿದುಕೊಂಡು, ತಮ್ಮ ಗೇಟಿನ ಹೊರಗೆ ಸುಣ್ಣದಿಂದ ಬರೆದ ವೃತ್ತದೊಳಗಿದ್ದೇ ಮಾಡುವ ಸಾಷ್ಟಾಂಗ ನಮಸ್ಕಾರಗಳು. ವೃತ್ತ ಸಣ್ಣದಾದ್ದರಿಂದ ಕಾಲು ಹೊರಗೆ ಚಾಚಿದ್ದನ್ನು ಮನ್ನಿಸಬೇಕು.

ನಮ್ಮ ಅವ್ವ ಬಂಡಮ್ಮನನ್ನು ತಾವು ಹತ್ತು ದಿನಕ್ಕೆಂದು ಒಳಗೆ ಕರೆದುಕೊಂಡು ಇಂದಿಗೆ ಇಪ್ಪತ್ತೇಳು ದಿನ. ಜ್ವರ ಐದಕ್ಕೇ ಬಿಟ್ಟಿತು, ಕೆಮ್ಮು ಎಂಟಕ್ಕೆ ನಿಂತಿತು. ಒಂಬತ್ತನೆಯ ದಿನ ಅದೇ ಕೋಣೆಗೆ ಗುಂಜೋಟಿಯ ಹೊಸ ರೋಗಿಯೊಬ್ಬರು ಬಂದರು ನೋಡಿ, ತಮ್ಮ ಕಂಪೌಂಡರ್ ವೈಜಿನಾಥರು ಬಾಗಿಲ ಹಲಗೆಯ ಅಂಕಿಯನ್ನು ಒದ್ದೆ ಹತ್ತಿಯಿಂದ ಒರೆಸಿ, ಒಳಗಿದ್ದವರಿಗೆಲ್ಲ ಸೇರಿಸಿ ‘ದಿನ ಒಂದು’ ಎಂದು ಬರೆದರು. ಎಂಟು ದಿನ ಬಿಟ್ಟು ಮಾಕಣಿ ಊರಿನವರೊಬ್ಬರು ಬಂದರು, ಮತ್ತೆ ಒಂದು. ಮೊನ್ನೆ ಇನ್ನೊಬ್ಬರು, ಮತ್ತೆ ಒಂದು. ಕೋಣೆಗೆಲ್ಲ ಒಂದೇ ಲೆಕ್ಕ ಎಂಬ ಇಂಥ ಸಮಾನತೆಯನ್ನು ನಾನು ಯಾವ ಗ್ರಾಮಸಭೆಯಲ್ಲಿಯೂ ಕಂಡಿಲ್ಲ.

ನಾವು ಹಟ್ಟಿಯ ದಡ್ಡರು. ಕೆಮ್ಮುವ ಕುರಿಯನ್ನು ಗಾಳಿಯ ಕೆಳಮಗ್ಗುಲಿಗೆ ಬೇರೆ ಕಟ್ಟುತ್ತೇವೆ, ಕೆಮ್ಮು ನಿಂತು, ಮೇವು ಹಿಡಿದು, ಮೇಲೆ ನಾಲ್ಕು ದಿನ ಕಳೆದರೆ ಮಂದೆಗೆ ಬಿಡುತ್ತೇವೆ. ಹೊಸ ಕೆಮ್ಮಿಗೆ ಹೊಸ ಗೂಟ. ಸುಧಾರಿಸಿದ ಕುರಿಯ ಮಗ್ಗುಲಿಗೇ ರೋಗದ ಕುರಿ ತಂದು ಕಟ್ಟಿದ್ದರೆ ನಮ್ಮಪ್ಪ ನನ್ನ ಬೆನ್ನ ಮೇಲೆ ಕೋಲು ಮುರಿಯುತ್ತಿದ್ದ. ಪಾಪ, ಅಂವಾ ಡಾಕ್ಟರಕಿ ಓದಿರಲಿಲ್ಲ.

ಬಾಣಂತನಕ್ಕೆ ಬಂದ ನನ್ನ ತಂಗಿ ಸಾರಿಕಾ ಹೆತ್ತು ಹನ್ನೆರಡು ದಿನವಾಯಿತು. ಅವ್ವ ಕಿಟಕಿಯ ಸರಳು ಹಿಡಿದು ದಿನಾ ಅದನ್ನೇ ಕೇಳುತ್ತಾಳೆ: “ಕೂಸಿಗಿ ನಾ ಮುಟ್ಟಬಹುದೋ ಇಲ್ಲೋ, ಅಷ್ಟ ಕೇಳ್ಕೊಂಡ ಬಾ. ಬ್ಯಾಡಂದ್ರ ಮುಟ್ಟಂಗಿಲ್ಲ. ಖರೆ ಹೇಳ್ರಿ ಅನ್ನು.” ಎಣಿಕೆ ಕೆಮ್ಮು ಹತ್ತಿದಂದಿನಿಂದಲೋ, ತಪಾಸಣೆಯಾದಂದಿನಿಂದಲೋ ಎಂದು ನಾನು ವಿಚಾರಿಸಿದರೆ ವೈಜಿನಾಥರು “ಬೋರ್ಡ ನೋಡ್ರಿ” ಎನ್ನುತ್ತಾರೆ.

ಆದಕಾರಣ ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆಯ ಜನ ಒಂದೇ ಮುಹೂರ್ತಕ್ಕೆ ಕೆಮ್ಮತಕ್ಕದ್ದೆಂದು ತಾವು ಆಜ್ಞೆ ಹೊರಡಿಸಬೇಕು. ಎಲ್ಲರಿಗೂ ಒಂದನೆಯ ದಿನ ಒಟ್ಟಿಗೆ ಬಂದರೆ ಹತ್ತನೆಯದೂ ಎಂದಾದರೂ ಬಂದೀತು. ಅದಾಗದಿದ್ದರೆ ಹಲಗೆ ಒರೆಸಿದಾಗಲೆಲ್ಲ ನಮ್ಮ ಕೂಸಿನ ವಯಸ್ಸನ್ನೂ ಒರೆಸಿ, ಅದನ್ನು ಹುಟ್ಟಿದ ದಿನಕ್ಕೆ ತಂದು ನಿಲ್ಲಿಸುವ ಕೃಪೆಯಾಗಲಿ.

ವಿಶ್ವಾಸ ಎಷ್ಟನೆಯ ದಿನದ್ದೆಂದು ಕೇಳದಿದ್ದರೆ,
ತಮ್ಮ ವಿಶ್ವಾಸಿ,
ರೇವಣಸಿದ್ಧ

ತಾ.ಕ.: ಪತ್ರ ಕೊಡಲು ನಾಲ್ಕು ದಿನ ತಡವಾಯಿತು. ಬರೆದ ಮರುದಿನ ನಿಲಂಗಾದ ಡಾಕ್ಟರಮ್ಮ ಒಬ್ಬರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. “ಅಯ್ಯ, ಆಕಿಗಿ ಎಂದೋ ಬಿಡಬೇಕಿತ್ತಲ್ರೀ, ಕೂಸಿಗಿ ಎತ್ಕೊಳ್ಲಿ” ಎಂದರು. ಕಿಟಕಿಯಲ್ಲಿ ಅದನ್ನು ಹೇಳಿದ್ದೇ ತಡ, ಅವ್ವ ಅಂದು ಮಧ್ಯಾಹ್ನವೇ ತಮ್ಮ ಮುಂಬಾಗಿಲಿನಿಂದ ನಡೆದು ಬಂದಳು, ಯಾರೂ ಎಲ್ಲಿಗೆ ಎನ್ನಲಿಲ್ಲ. ಮೂರು ದಿನದಿಂದ ಮೊಮ್ಮಗಳು ಅವಳ ತೊಡೆಯಿಂದ ಇಳಿದಿಲ್ಲ. ಇಂದು ಅವ್ವನ ಚೀಲ ಒಯ್ಯಲು ಬಂದಾಗ ತಮ್ಮ ರೋಗಿಗಳ ಇಂದಿನ ಪಟ್ಟಿ ಓದಿದೆ: ಬಂಡಮ್ಮ, ದಿನ ಏಳು, ಜ್ವರ ಇಲ್ಲ, ಎರಡೂ ಹೊತ್ತು ಉಂಡಿದ್ದಾಳೆ. ಆ ಬಂಡಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ. ಹತ್ತು ತುಂಬಿದ ಮೇಲೆಯೇ ಕಳಿಸಿ, ಅವಸರವಿಲ್ಲ.