ಒಂದು ಮರದ ನಾಲ್ಕು ಸಂಸಾರ

ಮಿನೋಸೆ ಪಟ್ಟಣದ ಪ್ರತಿ ಮನೆಯೂ ಒಂದು ಬಗೆಯ ಹಣ್ಣನ್ನು, ಒಂದೇ ಬಗೆಯ ಹಣ್ಣನ್ನು ಮಾತ್ರ ಬೆಳೆಯತಕ್ಕದ್ದು ಎಂದು ಪುರಸಭೆ ಸರ್ವಾನುಮತದಿಂದ ನಿರ್ಣಯಿಸಿತು. ಪ್ರವಾಸಿಗರ ನಕ್ಷೆಯಲ್ಲಿ ಮನೆಗೊಂದೇ ಹಣ್ಣಿನ ಚಿತ್ರಕ್ಕೆ ಜಾಗವಿತ್ತು. ಮೇಯರ್ ಅವರ ಭಾವಮೈದುನ ಅದನ್ನು ಆಗಲೇ ಅಚ್ಚು ಹಾಕಿ ಮುಗಿಸಿದ್ದರಿಂದ, ನಕ್ಷೆ ತಿದ್ದುವುದಕ್ಕಿಂತ ಊರನ್ನು ತಿದ್ದುವುದೇ ಮಿತವ್ಯಯವೆಂದು ಸಭೆ ಕಂಡುಕೊಂಡಿತು.

ಇನೊಕುಮಾ ಅವರಿಗೆ ಫಜೀತಿಯಾಯಿತು. ಹಡಗಿನ ಎಂಜಿನ್ ರಿಪೇರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಅಂಗಳದ ಕಿತ್ತಳೆ ಮರಕ್ಕೆ ನಿಂಬೆ, ಚಕ್ಕೋತ, ಯುಜು ಎಂಬ ಪರಿಮಳದ ಹುಳಿಹಣ್ಣು, ಮೂರನ್ನೂ ಕಸಿ ಕಟ್ಟಿದ್ದರು. ಎಷ್ಟೋ ಕಡ್ಡಿ ಒಣಗಿ ಕೈಕೊಟ್ಟ ಮೇಲೆ ಯುಜು ಚಿಗುರಿದಾಗ, ಪುಣ್ಯಾತ್ಮ, ಅಂಗಳದಲ್ಲೇ ಕುಣಿದುಬಿಟ್ಟಿದ್ದರು. ಅದು ಹೆಂಡತಿ ಚಿಯೊಗಾಗಿ ಕಟ್ಟಿದ ಕೊಂಬೆ. ಚಳಿಗಾಲದಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಘಮಘಮಿಸುವ ಯುಜು ತೇಲಿಬಿಟ್ಟುಕೊಂಡು ಕೂರದಿದ್ದರೆ ಆಕೆಗೆ ವರ್ಷ ಮುಗಿದಂತೆಯೇ ಅಲ್ಲ.

ಪುರಸಭೆಯ ಗುಮಾಸ್ತ ಶಿರಾಕಿ ಬಾಗಿ ವಂದಿಸಿ, “ಯಜಮಾನ್ರೇ, ಒಂದು ಕೊಂಬೆ ಇಟ್ಕೊಂಡು ಮೂರು ಕಡಿಸ್ಬಿಡಿ” ಎಂದ.

“ಒಂದು ಬೆರಳು ಇಟ್ಕೊಂಡು ನಾಲ್ಕು ಕಡಿಸ್ಕೋ ಅಂದ್ರೆ ಕಡಿಸ್ಕೋತೀಯೇನಪ್ಪಾ?”

“ಬೆರಳಿನ ಬಗ್ಗೆ ಇನ್ನೂ ನಿಯಮ ಬಂದಿಲ್ಲ. ನಾಲ್ಕು ಹಣ್ಣು ಬೇಕಂದ್ರೆ ನಾಲ್ಕು ಮನೆ ಬೇಕಾಗತ್ತೆ.”

ಚಹಾ ತಂದಿಟ್ಟ ಚಿಯೊ, “ಹಾಗಾದ್ರೆ ಕೊಂಬೆಗಳನ್ನೇ ಮನೆ ಅಂತ ಬರ್ಕೊಳ್ಳಿ, ಅದಕ್ಕೇನಂತೆ!” ಎಂದು ನಕ್ಕರು.

ಶಿರಾಕಿ ನಗಲಿಲ್ಲ. ಪಟ್ಟಣದಲ್ಲಿ ಮನೆಗಳು ಖಾಲಿ ಬೀಳುತ್ತಿದ್ದವು. ಸಂಸಾರಗಳ ಎಣಿಕೆ ಏರಿದರೆ ಮೇಲಿನಿಂದ ಬರುವ ಅನುದಾನವೂ ಏರುತ್ತಿತ್ತು. ಹೊಸ ಸಂಸಾರಗಳನ್ನು ಕೂರಿಸಲು ಖಾಲಿ ಮನೆಗಳ ಚೌಕಗಳಂತೂ ನಕ್ಷೆಯಲ್ಲಿ ಹೇಗೂ ಇದ್ದವು. ವಾರ ಕಳೆಯುವುದರೊಳಗೆ ನಾಲ್ಕೂ ಕೊಂಬೆಗಳಿಗೆ ಮನೆ ನಂಬರಿನ ತಗಡು ಬಿತ್ತು.

ಬೀದಿಯ ಸಂಘದವರು ಇದನ್ನು ತುಂಬು ಮನಸ್ಸಿನಿಂದ ಸ್ವಾಗತಿಸಿದರು. ಕಸ ಇಡುವ ಕಟ್ಟೆ ಗುಡಿಸುವ ಪಾಳಿಗೆ ನಾಲ್ಕು ಹೊಸ ಮನೆ ಸಿಕ್ಕಿತ್ತಲ್ಲ! ನಿಂಬೆಯವರ ಪಾಳಿ, ಚಕ್ಕೋತದವರ ಪಾಳಿ ಎಂದು ಇನೊಕುಮಾ ಪೊರಕೆ ಹಿಡಿದು ಓಡಾಡಿದರು. ಮರ ಉಳಿಯಿತಲ್ಲ, ಸಾಕು ಎಂದುಕೊಂಡರು.

ಹಣ್ಣು ಬಣ್ಣಕ್ಕೆ ತಿರುಗುವ ಹೊತ್ತಿಗೆ ಶಿರಾಕಿ ಮತ್ತೆ ಬಂದ.

“ನಿಮ್ಮನೇಲಿ ಹಣ್ಣೇ ಇಲ್ವಲ್ಲ, ಯಜಮಾನ್ರೇ. ಹಣ್ಣಿಲ್ಲದ್ದು ಮನೆ ಅಂತ ಅನ್ನಿಸ್ಕೊಳ್ಳಲ್ಲ.”

“ಅಯ್ಯೋ ಮಾರಾಯಾ, ಆ ಮರ ನಂದಲ್ವೇನೋ?”

“ಕಾಂಡ ನಿಮ್ಮದೇ, ಯಾರು ಇಲ್ಲ ಅಂದ್ರು? ಹಣ್ಣು ಮಾತ್ರ ಆಯಾ ಮನೆಯವರದ್ದು. ಇನ್ನೊಂದು ಗಿಡ ನೆಡೋಣ ಅಂದ್ರೆ ಅಂಗಳದಲ್ಲಿ ಆಗಲೇ ನಾಲ್ಕು ಸಂಸಾರ ಇದೆ, ಜಾಗ ಸಾಲಲ್ಲ. ನೀವೇ ಯಾವುದಾದ್ರೂ ಮನೆಗೆ ಸೇರ್ಕೊಂಡ್ಬಿಡಿ.”

“ನಾನು ಯುಜು ಮನೆಗೆ!” ಎಂದರು ಚಿಯೊ, ತಡಮಾಡದೆ.

“ನಾನೂ ಅಲ್ಲಿಗೇ.”

“ಆಗಲ್ಲ. ಆ ಕೊಂಬೆ ಸಣ್ಣದು. ಕಟ್ಟಡ ವಿಭಾಗದವರು ಒಬ್ಬರಿಗೇ ಒಪ್ಪಿಗೆ ಕೊಟ್ಟಿರೋದು.”

ಇನೊಕುಮಾ ಹೆಂಡತಿಯ ಮುಖ ನೋಡಿದರು. ಕೊನೆಗೆ ದಪ್ಪ ಕೊಂಬೆ ನೋಡಿ ಚಕ್ಕೋತದವರ ಮನೆ ಸೇರಿಕೊಂಡರು.

ಡಿಸೆಂಬರಿನ ಒಂದು ಸಂಜೆ ಅವರು ಹಿಂಬಾಗಿಲಿಂದ ಹೊರಟು, ಮನೆ ಸುತ್ತಿಕೊಂಡು ಅದೇ ಮನೆಯ ಮುಂಬಾಗಿಲಿಗೆ ಬಂದು ಕರೆಗಂಟೆ ಒತ್ತಿದರು. ಕೈಯಲ್ಲಿ ಬಟ್ಟೆ ಸುತ್ತಿದ ಎರಡು ಚಕ್ಕೋತ.

“ಓ, ಚಕ್ಕೋತದವರಾ? ಬನ್ನಿ ಬನ್ನಿ. ಇದೆಲ್ಲ ಯಾಕೆ ತರೋಕೆ ಹೋದ್ರಿ?” ಎಂದು ಚಿಯೊ ಸೊಂಟ ಬಗ್ಗಿಸಿ ವಂದಿಸಿದರು.

“ಸ್ನಾನಕ್ಕೆ ಒಂದು ಯುಜು ಸಿಕ್ಕೀತೇನೋ ಅಂತ…”

“ಒಂದೇ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ. ಈ ವರ್ಷ ನಮ್ಮನೇಲೂ ಫಸಲು ಕಮ್ಮಿ.”

ಇನೊಕುಮಾ ಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಗಿ ವಂದಿಸಿ, ಈ ಉಪಕಾರವನ್ನು ತಮ್ಮ ಮನೆಯವರಿಗೂ ತಿಳಿಸುವುದಾಗಿ ಹೇಳಿ ಹೊರಟರು.