ಲ್ಯುಬೆನ್ ಮೇಷ್ಟ್ರ ಕಪ್ಪು ಅಂಚು

ಬಣ್ಣದ ಶಾಯಿ ಮುಗಿದದ್ದೇ ಎಲ್ಲಕ್ಕೂ ಮೂಲ. ಡ್ಯಾನ್ಯೂಬ್ ದಂಡೆಯ ವಿಶ್ವವಿದ್ಯಾಲಯದಲ್ಲಿ ಪ್ರತಿ ಗುರುವಾರ ವಿಜ್ಞಾನದ ತತ್ತ್ವಶಾಸ್ತ್ರದ ಬಗ್ಗೆ ಸಾರ್ವಜನಿಕ ಉಪನ್ಯಾಸ ಕೊಡುತ್ತಿದ್ದ ಲ್ಯುಬೆನ್ ಮೇಷ್ಟ್ರಿಗೆ ಇದ್ದ ಕೇಳುಗ ಒಬ್ಬನೇ, ಕಾವಲುಗಾರ ಪೆಂಚೊ. ಅವನೂ ಬರುತ್ತಿದ್ದುದು ಹೀಟರಿನ ಆಸೆಗೆ. ಈ ಗುರುವಾರ ಇಪ್ಪತ್ತು ಜನ ಬರದಿದ್ದರೆ ಉಪನ್ಯಾಸ ಮಾಲೆಗೆ ಮಂಗಳ ಹಾಡುವುದಾಗಿ ಡೀನ್ ಹೇಳಿಬಿಟ್ಟಿದ್ದರು. ಒಂಟಿಯಾಗಿ ಬದುಕುವ ಮೇಷ್ಟ್ರಿಗೆ ವಾರಕ್ಕೊಮ್ಮೆ ಬಾಯಿ ತೆರೆಯಲು ಇದ್ದದ್ದೇ ಆ ಒಂದು ಗಂಟೆ.

ಬಣ್ಣವಿಲ್ಲದೆ ಕಪ್ಪು ಶಾಯಿಯಲ್ಲೇ ಉಪನ್ಯಾಸದ ಚೀಟಿ ಅಚ್ಚು ಮಾಡಿದರು; ಕಣ್ಣಿಗೆ ಬೀಳಲೆಂದು ತಮ್ಮ ಚಿತ್ರ ಹಾಕಿ, ಸುತ್ತ ದಪ್ಪ ಕಪ್ಪು ಅಂಚು ಎಳೆದು, ಹೊತ್ತು, ಜಾಗ ಬರೆದರು. ವಿಷಯಕ್ಕೆ ಉಳಿದದ್ದು ಇರುವೆ ಸಾಲಿನಷ್ಟು ಜಾಗ. ಗುರುವಾರ ಬೆಳಗ್ಗೆಯೇ ಕಂಬ, ಬ್ರೆಡ್ಡಿನಂಗಡಿ, ವಿಶ್ವವಿದ್ಯಾಲಯದ ಗೇಟು, ತಮ್ಮ ಕಟ್ಟಡದ ಬಾಗಿಲಿಗೆಲ್ಲ ಅಂಟಿಸಿ ಬಂದರು. ಆ ಊರಲ್ಲಿ ಯಾರಾದರೂ ಸತ್ತರೆ ಸಾವಿನ ಸುದ್ದಿಯ ಚೀಟಿ ಅಂಟಿಸುವುದೂ ಅಲ್ಲಿಯೇ, ಅದಕ್ಕೂ ಅಂಥದೇ ಚಿತ್ರ, ಅಂಥದೇ ಅಂಚು ಎಂಬುದು ಊರಿನ ಕೂಸಿಗೂ ಗೊತ್ತು. ಸತ್ಯವನ್ನು ಅರಿಯುವ ಬಗೆ ಹೇಗೆಂದು ಯೋಚಿಸುತ್ತಿದ್ದ ಮೇಷ್ಟ್ರಿಗೆ ಮಾತ್ರ ಅದು ಹೊಳೆಯಲಿಲ್ಲ.

ಮಧ್ಯಾಹ್ನ ಮೆಟ್ಟಿಲ ಮೇಲೆ ನೆರೆಯ ಸ್ತೋಯ್ನಾ ಅಜ್ಜಿಯ ದನಿ ಕೇಳಿಸಿತು.

"ನಮ್ ಮೇಷ್ಟ್ರು ಹೋಗ್ಬಿಟ್ರು ಕಣೆ ನೆವೆನಾ. ಯಾರ ತಂಟೆಗೂ ಹೋದೋರಲ್ಲ."

"ಪಾಪ, ಹಿಂದಿಲ್ಲ ಮುಂದಿಲ್ಲ," ಎಂದಳು ಮೇಲಿನ ಮಹಡಿಯ ನೆವೆನಾ. "ನಾವೂ ಹೋಗ್ದಿದ್ರೆ ಇನ್ಯಾರು ಹೋಗ್ತಾರೆ? ನೀವು ಸತ್ತೋರ ಹೆಸ್ರಲ್ಲಿ ಹಂಚೋ ಗೋಧಿ ಬೇಯಿಸಿ, ನಾನು ಓಣಿಗೆಲ್ಲ ಹೇಳಿ ಬರ್ತೀನಿ."

ಚಿಲಕದ ಮೇಲೆ ಕೈಯಿಟ್ಟ ಮೇಷ್ಟ್ರು ಹಾಗೇ ನಿಂತರು. ಬಾಗಿಲು ತೆರೆದರೆ ಬದುಕಿರುವುದು ರುಜುವಾತಾಗುತ್ತದೆ, ಆದರೆ ಇಪ್ಪತ್ತು ಜನ ಬರುವುದಿಲ್ಲ. ಈ ಕಟ್ಟಡದಲ್ಲಿ ಹನ್ನೊಂದು ವರ್ಷ ಕಳೆದ ಮೇಲೆ ತಮ್ಮ ಬಗ್ಗೆ ಒಳ್ಳೆಯ ಮಾತು ಕೇಳಿದ್ದೂ ಅದೇ ಮೊದಲು. ಅವರಿಗೆ ಅಳು ಬಂತು. ಚಿಲಕ ತೆಗೆಯಲಿಲ್ಲ.

ಸಂಜೆ ಸಭಾಂಗಣದಲ್ಲಿ ನಲವತ್ತಮೂರು ಜನ. ಎಲ್ಲರ ಕೈಯಲ್ಲೂ ಸತ್ತವರಿಗೆ ಒಯ್ಯುವ ಜೋಡಿ ಹೂವು. ಮೇಷ್ಟ್ರು ಹಿಂಬಾಗಿಲಿನಿಂದ ಬಂದು ವೇದಿಕೆ ಹತ್ತಿದರು. ಗೋಧಿ ಬೋಗುಣಿ ಹಿಡಿದು ಸ್ತೋಯ್ನಾ ಅಜ್ಜಿ ಎದ್ದು ನಿಂತಳು.

"ಬದುಕಿದೀಯೇನಪ್ಪಾ?"

"ಹೂಂ ಅಜ್ಜಿ. ಹೇಗೂ ಬಂದಿದ್ದೀರಿ, ಒಂದ್ ಗಂಟೆ ಕೂತು ಕೇಳಿ."

"ಕೇಳೋದೇನು? ಸುಮ್‌ಸುಮ್ನೆ ಅಳಿಸಿದ್ಯಲ್ಲ. ಇನ್ನು ನಿಜವಾಗ್ಲೂ ಸತ್ರೂ ನಾವ್ಯಾರೂ ಬರೋಲ್ಲ."

ಸಭೆ ಹೂವಿನ ಸಮೇತ ಎದ್ದು ಹೋಯಿತು. ಡೀನ್ ಮಾತ್ರ ಉಳಿದರು.

"ಮಾಲೆ ಉಳೀತಲ್ಲ ಸಾರ್?" ಎಂದರು ಮೇಷ್ಟ್ರು. "ನಲವತ್ತಮೂರು ಜನ ಬಂದಿದ್ರು."

"ಉಳೀತು. ಗೇಟಿನ ಮೇಲೆ ಚೀಟಿ ನೋಡಿ ಸಂಕಟ ಆಯ್ತು. ನಿಮ್ಮ ಹೆಸರಲ್ಲೇ ಸ್ಮಾರಕ ಮಾಲೆ ಅಂತ ಮಧ್ಯಾಹ್ನವೇ ಸಹಿ ಹಾಕಿ, ಮೊಹರು ಒತ್ತಿಸ್ದೆ. ಮಾತಾಡೋಕೆ ಬೇರೆಯವ್ರನ್ನ ನೇಮಿಸಿದ್ದೂ ಆಯ್ತು."

"ನಾನು ಬದುಕಿದೀನಲ್ಲ?"

"ಅದು ಕಡತದಲ್ಲಿ ಇಲ್ವಲ್ಲ ಮೇಷ್ಟ್ರೇ."

ಮುಂದಿನ ಗುರುವಾರ ಲ್ಯುಬೆನ್ ಸ್ಮಾರಕ ಉಪನ್ಯಾಸಕ್ಕೆ ಕೇಳುಗರು ಇಬ್ಬರಿದ್ದರು. ಪೆಂಚೊ ಸ್ವಲ್ಪ ಸರಿದು ಜಾಗ ಬಿಟ್ಟ.

"ಬನ್ನಿ ಮೇಷ್ಟ್ರೇ, ಹೀಟರ್ ಪಕ್ಕ ಕೂತ್ಕೊಳ್ಳಿ," ಎಂದ. "ಇಲ್ಲಿ ಬೆಚ್ಚಗಿದೆ."